ಲಕ್ಷ್ಮಿಯ ಕೈಪಕ್ಕದ ಕೆಂಪು ಗೆರೆ

ನನ್ನ ಬಾಯಿ ಆಗ ನನ್ನ ಹಿಡಿತದಲ್ಲಿರಲಿಲ್ಲ. ಗುಂಡ್ಲುಪೇಟೆ ಲಾರಿ ಸ್ಟ್ಯಾಂಡಿನಲ್ಲಿ ನನ್ನಂಗೆ ಲಕ್ಷ್ಮಿ ಚಿತ್ರ ಬರೆಯೋನು ಇನ್ನೊಬ್ಬನಿಲ್ಲ ಅನ್ನೋ ಕೊಬ್ಬು ಬೇರೆ. ಮನೆಯಲ್ಲಿ ಉರ್ದು ಮಾತಾಡೋ ಸಾಬರವನು ಲಕ್ಷ್ಮಿ ಬರೀತಾನೆ ಅಂತ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಈರುಳ್ಳಿ ಹೇರಿಕೊಂಡು ಕೇರಳಕ್ಕೆ ಹೋಗೋ ಲಾರಿಗೆ ಹಿಂದಿನ ಹಲಗೆ ಮೇಲೊಬ್ಬ ದೇವರು ಬೇಕು, ಅಷ್ಟೆ.

ನನಗೆ ಕುಂಚ ಹಿಡಿಯೋದು ಕಲಿಸಿದವರು ಮೇಷ್ಟ್ರು. ಶಾಲೆ ಮೇಷ್ಟ್ರಲ್ಲ, ಅಂಗಡಿ ಬೋರ್ಡು ಬರೆಯುತ್ತಿದ್ದ, ಹಣೆ ತುಂಬ ವಿಭೂತಿ ಬಳಿದುಕೊಳ್ಳುತ್ತಿದ್ದ ಮುದುಕರು. ನಮ್ಮಪ್ಪ ತೀರಿಕೊಂಡ ಮೇಲೆ ತಮ್ಮ ಶೆಡ್ಡಿನಲ್ಲೇ ನನಗೂ ಜಾಗ ಕೊಟ್ಟಿದ್ದರು.

ಇಬ್ಬರೂ ಒಂದೇ ಕ್ಯಾಲೆಂಡರ್ ನೋಡಿ ಬರೆಯುತ್ತಿದ್ದೆವು. ದೇಶಕ್ಕೆಲ್ಲ ಗೊತ್ತಿದ್ದ ಚಿತ್ರಗಾರರ ಲಕ್ಷ್ಮಿ ಅದು. ಆ ಮುಖ ಇಲ್ಲದ ಅಂಗಡಿ ನಮ್ಮೂರಲ್ಲಿರಲಿಲ್ಲ. ಅದರಲ್ಲಿ ಅಭಯ ಕೊಡೋ ಕೈಯ ಆಚೆ, ಕೂದಲೆಳೆಯಷ್ಟು ಬಿಟ್ಟು, ಒಂದು ಕೆಂಪು ಗೆರೆ. ನಾನು ಅದನ್ನೂ ಬಿಡದೆ ಬರೆಯುತ್ತಿದ್ದೆ. ಅಮ್ಮನವರ ಕೈಯಿಂದ ಹೊರಡೋ ತೇಜಸ್ಸು ಅಂತ ಗಿರಾಕಿಗಳಿಗೆ ಪಾಠ ಬೇರೆ ಹೇಳುತ್ತಿದ್ದೆ. ಮೇಷ್ಟ್ರು ಮಾತ್ರ ಆ ಗೆರೆ ಬರೆಯುತ್ತಿರಲಿಲ್ಲ.

ಒಂದು ದಿನ ಚಂದಕವಾಡಿಯ ಲಾರಿ ಮಾಲೀಕರೊಬ್ಬರು ಮೇಷ್ಟ್ರು ಬರೆದ ಲಕ್ಷ್ಮಿ ನೋಡಿ, ಗೆರೆ ಎಲ್ಲಿ ಅಂತ ಕೇಳಿದರು.

"ಅದು ಗೆರೆ ಅಲ್ಲ ಕಣಪ್ಪ. ಪ್ರೆಸ್ಸಲ್ಲಿ ಕೆಂಪು ಬಣ್ಣ ಒಸಿ ಜರುಗ್ಬುಟ್ಟದೆ," ಅಂದರು ಮೇಷ್ಟ್ರು.

ನನಗೆ ಎಲ್ಲಿತ್ತೋ ಸಿಟ್ಟು. "ಅಷ್ಟು ದೊಡ್ಡ ಚಿತ್ರಗಾರರಿಗಿಂತ ನಿಮಗೆ ಜಾಸ್ತಿ ಗೊತ್ತಾ? ಕಣ್ಣು ಮಂಜಾಗ್ಯದೆ, ಒಪ್ಕಳಿ. ಸುಮ್ನೆ ಯಾಕೆ ಜನರ ಲಾರಿ ಕೆಡಿಸ್ತೀರಿ?" ಅಂದುಬಿಟ್ಟೆ. ಸ್ಟ್ಯಾಂಡಿನಲ್ಲಿದ್ದವರು ನಕ್ಕರು. ಮೇಷ್ಟ್ರು ಕುಂಚ ಒರೆಸಿ, ಮನೆಗೆ ಹೋದರು. ಮಾರನೆಯ ದಿನ ಶೆಡ್ಡಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

ಆ ವರ್ಷವೇ ಮ್ಯೂಸಿಯಂ ಒಂದರವರು ಆ ಚಿತ್ರಗಾರರು ಹುಡುಗಪ್ರಾಯದಿಂದ ಕೈಯಾರೆ ಬರೆದ ಮೂಲ ಚಿತ್ರಗಳನ್ನೆಲ್ಲ ಊರೂರಿಗೆ ತಂದು ತೋರಿಸುತ್ತಿದ್ದರು. ಆ ಪ್ರದರ್ಶನ ಚಾಮರಾಜನಗರಕ್ಕೂ ಬಂತು. ಮೇಷ್ಟ್ರಿಗೆ ಮಂಡಿನೋವು, ಬಸ್ಸು ಹತ್ತಲಾರರು. ನನ್ನನ್ನು ಕರೆಸಿ ಹೇಳಿದರು: "ಓಗಿ ನೋಡ್ಕಬಾಪ್ಪ. ಗೆರೆ ಇದ್ರೆ ನನ್ ಕಣ್ಣು ಓಗ್ಯದೆ ಅಂತ್ಲೇ ಲೆಕ್ಕ. ಇಲ್ದಿದ್ರೆ ನಾಳಿಂದ ಕೆಲ್ಸಕ್ಕೆ ಬತ್ತೀನಿ."

ಪ್ರದರ್ಶನದ ಬಾಗಿಲಲ್ಲಿ ಜನ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಗೋಡೆ ತುಂಬ ನಮ್ಮ ಮನೆ, ಅಂಗಡಿಗಳ ದೇವರುಗಳೇ; ಕೆಳಗೆ ತಾರೀಖಿನ ಹಾಳೆಗಳಿಲ್ಲ, ಅಷ್ಟೆ. ಒಬ್ಬ ಹೆಂಗಸು ಕೃಷ್ಣನಿಗೆ ಕುಂಕುಮ ಇಡೋಕೆ ಹೋಗಿ ಬೈಸಿಕೊಂಡಳು. ನಾನು ಸೀದಾ ಲಕ್ಷ್ಮಿ ಹತ್ತಿರ ಹೋದೆ.

ಗೆರೆ ಇರಲಿಲ್ಲ.

ಎಡಕ್ಕೆ ನಿಂತು ನೋಡಿದೆ, ಬಲಕ್ಕೆ ನಿಂತು ನೋಡಿದೆ. ಮೂಗು ತಾಗಿಸಬೇಡ ಅಂತ ಕಾವಲಿನವನು ಗದರಿದ. ಆ ಮುದ್ದಾದ ಕೈ, ಅದರ ಸುತ್ತ ಬರೀ ನೀಲಿ ಬಣ್ಣ. ಇಷ್ಟು ವರ್ಷ ಪ್ರೆಸ್ಸಿನವನ ತಪ್ಪನ್ನು ತೇಜಸ್ಸು ಅಂತ ಬರೆದು ಕೇರಳದ ತನಕ ಕಳಿಸಿದ್ದೆ. ನಾಚಿಕೆಗೆ ಕಿವಿ ಉರಿಯಿತು. ಬಸ್ಸಿನಲ್ಲಿ ಉದ್ದಕ್ಕೂ "ಮೇಷ್ಟ್ರೇ, ತಪ್ಪಾಯ್ತು" ಅಂತ ಬಾಯಲ್ಲೇ ಹೇಳಿಕೊಂಡು ಬಂದೆ.

ಮೇಷ್ಟ್ರು ಜಗಲಿ ಮೇಲೆ ಕಾಯುತ್ತಿದ್ದರು. ಪಕ್ಕದಲ್ಲಿ ನಾಲ್ಕಾರು ಜನ ಕೂತಿದ್ದರು; ಅವತ್ತು ಸ್ಟ್ಯಾಂಡಿನಲ್ಲಿ ನಕ್ಕವರೇ.

"ಗೆರೆ ಇತ್ತೇನಪ್ಪ?"

"ಇತ್ತು," ಅಂದೆ.

ಥೂ, ನನ್ನ ಜನ್ಮಕ್ಕಿಷ್ಟು. ಆ ನಾಲ್ಕು ಜನರ ಮುಂದೆ ಸಣ್ಣವನಾಗೋಕೆ ಆಗಲಿಲ್ಲ, ಅದಕ್ಕೇ ಅಂದೆ. ಮೇಷ್ಟ್ರು ತಲೆ ಆಡಿಸಿ ಒಳಗೆ ಹೋಗಿ, ಬಟ್ಟೆ ಸುತ್ತಿಟ್ಟ ಕುಂಚಗಳನ್ನು ತಂದು ನನ್ನ ಕೈಗಿಟ್ಟರು. "ನಿನ್ ಮಾತೇ ಸರಿ. ಇವು ನಿಂಗೇ ಇರ್ಲಿ," ಅಂದರು. ನಾನು ತಗೊಂಡೆ.

ಆವತ್ತಿನಿಂದ ಗೆರೆ ಬರೆಯೋದು ಬಿಟ್ಟೆ. ಗಿರಾಕಿ ಕೇಳಿದರೆ ಏನೋ ಒಂದು ಸಬೂಬು ಹೇಳುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಮೇಷ್ಟ್ರು ಕೋಲೂರಿಕೊಂಡು ಸ್ಟ್ಯಾಂಡಿಗೆ ಬಂದರು. ನಾನು ಆಗತಾನೆ ಬರೆದ ಲಕ್ಷ್ಮಿ ಮುಂದೆ ನಿಂತು, ಹಸಿ ಬಣ್ಣಕ್ಕೆ ತಾಗದ ಹಾಗೆ ಕೈಯ ಸುತ್ತ ಬೆರಳಾಡಿಸಿದರು. ಬಹಳ ಹೊತ್ತು ಹುಡುಕಿದರು.

"ಮೊದ್ಲು ಗೆರೆ ಕಾಣ್ತಿತ್ತು, ಪ್ರೆಸ್ ತಪ್ಪು ಅಂತಿದ್ದೆ. ಈಗ ನೀನ್ ಬರ್ದಿರೋ ಗೆರೆನೇ ಕಾಣಕಿಲ್ಲ ಕಣಪ್ಪ. ಕಣ್ಣು ಪೂರ್ತಿ ಓಗ್ಬುಡ್ತು. ಮನೆ ತಂಕ ಬುಟ್ಬುಡು ಬಾ," ಅಂತ ನನ್ನ ತೋಳು ಹಿಡಿದರು.

ನನ್ನ ಕೈಯಲ್ಲಿದ್ದದ್ದು ಅವರದೇ ಕುಂಚ. ಕೆಳಗಿಟ್ಟು ಹೊರಟೆ. ದಾರಿಯಲ್ಲಿ ಕಲ್ಲು ಬಂದ ಕಡೆಯೆಲ್ಲ ಹುಷಾರಾಗಿ ಕೈಹಿಡಿದು ದಾಟಿಸಿದೆ, ಕಣ್ಣು ಸರಿಯಾಗಿದ್ದ ಆ ಮನುಷ್ಯನನ್ನು.