ಬಾರ್ಡರ್ ಇಲ್ಲದ ಕಾಗದ

ಆಗೆಲ್ಲ ಮೂಡುಬಿದಿರೆಯಲ್ಲಿ ಮದುವೆ ನಿಶ್ಚಯವಾದರೆ ಜನ ಪುರೋಹಿತರ ಮನೆಯಿಂದ ನೇರವಾಗಿ ಬರುತ್ತಿದ್ದುದು ನಮ್ಮ ಪ್ರೆಸ್ಸಿಗೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದೇ ಕೋಣೆ, ಕಾಲಲ್ಲಿ ತುಳಿಯುವ ಒಂದು ಯಂತ್ರ, ಅಪ್ಪ, ಮತ್ತೆ ಅಚ್ಚಿನ ಮೊಳೆ ಜೋಡಿಸುವ ಬಾಬಣ್ಣ. ಶಾಲೆ ಬಿಟ್ಟರೆ ನಾನು ಸೀದಾ ಅಲ್ಲಿಗೇ. ಶಾಯಿ, ಸೀಮೆಎಣ್ಣೆ ಬೆರೆತ ಆ ವಾಸನೆ ನನಗೆ ಅಪ್ಪನದೇ ವಾಸನೆ. ಕತ್ತರಿಸಿ ಉಳಿದ ಗುಲಾಬಿ ಕಾಗದದ ಪಟ್ಟಿಗಳನ್ನು ಬಳೆ ಮಾಡಿ ಕೈತುಂಬ ಹಾಕಿಕೊಳ್ಳುತ್ತಿದ್ದೆ. ಮದುವೆ ಕಾಗದ ಒಯ್ಯಲು ಬಂದವರು ಬಾಳೆಹಣ್ಣೋ ಬೆಲ್ಲವೋ ತಂದರೆ ಅದರಲ್ಲಿ ಮೊದಲ ಪಾಲು ನನ್ನದು.

ಮದುವೆಗೆ ಗುಲಾಬಿ ಕಾಗದ, ಕೆಂಪು ಶಾಯಿ, ಸುತ್ತ ಮಾವಿನೆಲೆಯ ಬಾರ್ಡರು. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಬಿಳಿ ಕಾಗದ, ಕಪ್ಪು ಶಾಯಿ, ಬಾರ್ಡರ್ ಇಲ್ಲ. ಬೆಳುವಾಯಿಯವರೊಬ್ಬರು ತಮ್ಮ ತಂದೆಯ ಬೊಜ್ಜದ ಕಾಗದಕ್ಕೆ ಒಂದೆರಡು ಹೂವಾದರೂ ಇರಲಿ ಎಂದು ಪಟ್ಟು ಹಿಡಿದರು. ಅಪ್ಪ ಜಗ್ಗಲಿಲ್ಲ.

"ಅಂಚೆಯವ ಕೊಟ್ಟ ಕೂಡಲೇ ವಿಷಯ ಗೊತ್ತಾಗ್ಬೇಕು ಮಾರಾಯ್ರೆ. ಓದುವುದು ಮತ್ತೆ. ಹೂ ನೋಡಿ ಖುಷಿಯಲ್ಲಿ ಬಿಡಿಸಿದವರ ಗತಿ ಏನು?"

ಅವರು ಮುಖ ಊದಿಸಿಕೊಂಡೇ ಒಪ್ಪಿದರು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಜ್ವರ ಬಂದು ಹೋಗಿಬಿಟ್ಟರು. ಅವರ ಕಾಗದಕ್ಕೆ ಮೊಳೆ ಜೋಡಿಸಿದ್ದು ಬಾಬಣ್ಣ. ಜೋಡಿಸಿ ಮುಗಿಸಿದವರು ಅಮ್ಮನ ಎದುರು ಬಂದು ನಿಂತರು.

"ಅಕ್ಕ, ಇದೊಂದಕ್ಕೆ ಸಣ್ಣ ಬಾರ್ಡರ್ ಹಾಕುವ, ಆಗದಾ?"

"ಬೇಡ ಬಾಬು. ಊರಿಗೆಲ್ಲ ಇಲ್ಲ ಅಂದವರು. ಅವರಿಗೂ ಬೇಡ."

ಊರವರ ಹೆಸರನ್ನೆಲ್ಲ ಅಚ್ಚು ಹಾಕಿದ ಅಪ್ಪನ ಹೆಸರು ಅಚ್ಚಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಾವಿನ ಕಾಗದವನ್ನು ಓದಿ ಹರಿದು ಹಾಕುವುದು ನಮ್ಮ ಕಡೆಯ ಕ್ರಮ, ಇಡಬಾರದು. ಹಾಗಾದರೆ ಆ ಹೆಸರು ಎಲ್ಲೂ ಉಳಿಯುವುದಿಲ್ಲವಲ್ಲ. ಒಂದನ್ನು ಎದೆಗವಚಿಕೊಂಡು, "ನಮ್ಮ ಮನೆಯಲ್ಲಾದರೂ ಇರಲಿ ಅಮ್ಮ," ಎಂದೆ.

"ಇದು ಇಡುವ ಕಾಗದ ಅಲ್ಲ ಮಗಾ."

ಅಮ್ಮ ಬೈಯಲಿಲ್ಲ, ಕಿತ್ತುಕೊಳ್ಳಲೂ ಇಲ್ಲ. ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಕಾಗದದ ಒಂದು ತುದಿಯನ್ನು ನನ್ನ ಕೈಯಲ್ಲೇ ಬಿಟ್ಟು ಇನ್ನೊಂದನ್ನು ತಾನು ಹಿಡಿದಳು. ಇಬ್ಬರೂ ಸೇರಿ ಹರಿದೆವು. ಅಲ್ಲಿಯವರೆಗೆ ಅಳದಿದ್ದ ನಾನು ಆಗ ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮನೂ ಅತ್ತಳು. ಆಮೇಲೆ ನನ್ನ ತಲೆಗೆ ನೀರು ಹೊಯ್ದು, ಗಂಜಿ ಬಡಿಸಿದಳು. ಅಪ್ಪ ಹೋದ ಮೇಲೆ ನನಗೆ ಹಸಿವೆಯಾದದ್ದು ಆ ದಿನ.

ಪ್ರೆಸ್ ಮುಚ್ಚಿ ಎಷ್ಟೋ ಕಾಲವಾಯಿತು. ಕಳೆದ ವರ್ಷ ಅಮ್ಮ ಹೋದಾಗ ಕಾಗದ ಮಾಡಿಸಲಿಲ್ಲ, ಬೊಜ್ಜದ ದಿನ ಬರೆದ ಒಂದು ಚಿತ್ರವನ್ನು ಫೋನಿನಲ್ಲೇ ಎಲ್ಲರಿಗೂ ಕಳಿಸಿದೆವು. ನನ್ನ ಮಗ ಅದರಲ್ಲಿ ಅಜ್ಜಿಯ ಪಟದ ಸುತ್ತ ಗುಲಾಬಿ ಹೂಗಳನ್ನು ಜೋಡಿಸಿದ್ದ. ಬೆಳ್ತಂಗಡಿಯ ಭಾವ ಓದುವ ಮೊದಲೇ ಹುಟ್ಟುಹಬ್ಬವೆಂದುಕೊಂಡು ಶುಭಾಶಯ ಕಳಿಸಿ, ಆಮೇಲೆ ಗಾಬರಿಬಿದ್ದು ಫೋನು ಮಾಡಿದರು. ಪಾಪ, ಅವರ ತಪ್ಪಲ್ಲ.

ಆ ಚಿತ್ರ ಇನ್ನೂ ನನ್ನ ಫೋನಿನಲ್ಲಿದೆ. ಅಳಿಸಲು ಒಂದು ಬೆರಳು ಸಾಕು, ಗೊತ್ತು. ಇನ್ನೊಂದು ತುದಿ ಹಿಡಿಯುವವರು ಯಾರೂ ಇಲ್ಲ.