ಅಮೆರಿಕ ಘಟಕದ ಅಧ್ಯಕ್ಷರು
ವರ್ಜೀನಿಯಾದ ಹರ್ನ್‌ಡನ್ನಿನಲ್ಲಿ ಯಾರ ಮನೆಯ ಪಾಟ್‌ಲಕ್ ಊಟಕ್ಕೆ ಹೋದರೂ ಪರಶಿವಮೂರ್ತಿ ಅಂಕಲ್ ಕೈಗೆ ಸಿಕ್ಕಿಬೀಳುತ್ತೇನೆ. ತಟ್ಟೆಯ ಬಿಸಿಬೇಳೆಭಾತ್ ಆರಿ ಕಲ್ಲಾಗುವವರೆಗೂ ಬಿಡುವುದಿಲ್ಲ. ಅವರು ಧರ್ಮ ಸಮನ್ವಯ ಪಕ್ಷದ ಅಮೆರಿಕ ಘಟಕದ ಅಧ್ಯಕ್ಷರು. ಘಟಕದಲ್ಲಿ ಬೇರೆ ಯಾರೂ ಇಲ್ಲ. ಮಠಕ್ಕೂ ಮಸೀದಿಗೂ ಕೈಮುಗಿದು ನಡುದಾರಿ ಹಿಡಿದ ಆ ಪಕ್ಷ ಎರಡೇ ಚುನಾವಣೆಯಲ್ಲಿ ಒಂಬತ್ತು ಸೀಟಿನಿಂದ ಸೊನ್ನೆಗೆ ಇಳಿದಿದೆ. “ಸೋತಿಲ್ಲಪ್ಪ, ರೀಬಿಲ್ಡ್ ಮಾಡ್ತಿದೀವಿ” ಎನ್ನುತ್ತಾ ಲ್ಯಾಪ್‌ಟಾಪ್ ತೆರೆದು ಬೂತ್‌ವಾರು ಮತಗಳ ಚಾರ್ಟ್ ತೋರಿಸುತ್ತಾರೆ. ತಪ್ಪಿಸಿಕೊಂಡು ಬಾತ್‌ರೂಮಿಗೆ ಹೋದರೆ ಬಾಗಿಲ ಹೊರಗೇ ಕಾಯುತ್ತಾರೆ. ಮೊನ್ನೆ ರೇಗಿಹೋಗಿ, “ಮೈಸೂರಲ್ಲಿ ನಿಮ್ಮ ಮನೆ ಬೂತಲ್ಲಿ ಎಷ್ಟು ಬಂತು ಅಂಕಲ್?” ಅಂದೆ. “ನಾಲ್ಕು” ಅಂದರು. ಅವರ ಅಮ್ಮ, ತಮ್ಮನ ಸಂಸಾರ ಸೇರಿ ಆ ಮನೆಯಲ್ಲೇ ಐದು ವೋಟಿದೆ. “ಯಾರು ಹಾಕಲಿಲ್ಲ ಅಂತ ಕೇಳಲಿಲ್ವಾ?” ಅವರು ಲ್ಯಾಪ್‌ಟಾಪ್ ಮುಚ್ಚಿದರು. “ಕೇಳಿದ್ರೆ ಅಮ್ಮ ಸುಳ್ಳು ಹೇಳಬೇಕಾಗುತ್ತೆ.”