ಅನಸವ್ವನ ಹೆಬ್ಬೆರಳು

ಬನಹಟ್ಟಿಯ ನೇಕಾರರ ಓಣಿಯಲ್ಲಿ ಯಾರ ಮಗ್ಗದಲ್ಲಾದರೂ ಹಾಸು ಮುಗಿಯುತ್ತ ಬಂತೆಂದರೆ, ಮಾಲೀಕರು ಮೊದಲು ಕೇಳುತ್ತಿದ್ದ ಮಾತು ಒಂದೇ: "ಅನಸವ್ವ ಖಾಲಿ ಅದಾಳೇನು?"

ಅನಸವ್ವನದು ಕೆಚ್ಚುವ ಕೆಲಸ. ಮುಗಿದ ಹಾಸಿನ, ಅಂದರೆ ಮಗ್ಗದ ಉದ್ದನೂಲಿನ, ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸುವುದು. ಕೈಮಗ್ಗ ಹೋಗಿ ಕರೆಂಟಿನ ಮಗ್ಗ ಬಂದರೂ ಈ ಕೆಲಸ ಕೈಯಿಂದ ತಪ್ಪಲಿಲ್ಲ. ಮಗ್ಗದ ಹಿಂದೆ ನೆಲಕ್ಕೆ ಕೂರಬೇಕು, ಬೆರಳಿಗೆ ಒಲೆಯ ಬೂದಿ ಹಚ್ಚಿಕೊಳ್ಳಬೇಕು, ಹಳೆಯದೊಂದು ಎಳೆ ಹೊಸದೊಂದು ಎಳೆ ಜೊತೆ ಮಾಡಿ ಹೆಬ್ಬೆರಳಿನಿಂದ ಹೊಸೆಯಬೇಕು. ಗಂಟು ಹಾಕುವ ಹಾಗಿಲ್ಲ. ಎಳೆಗಳು ಬಾಚಣಿಗೆಯಂಥ ಫಣಿಯ ಸಂದಿಯಲ್ಲಿ ಹಾದುಹೋಗುವಾಗ ಗಂಟು ಸಿಕ್ಕಿಕೊಂಡು ಎಳೆ ಹರಿಯುತ್ತದೆ, ಮಗ್ಗ ನಿಲ್ಲುತ್ತದೆ, ಮಾಲೀಕನ ಬಾಯಿ ಶುರುವಾಗುತ್ತದೆ. ಅನಸವ್ವ ಹೊಸೆದ ಎಳೆ ಎಲ್ಲಿ ಕೂಡಿದೆ ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಅದು ಆಕೆಗೂ ಗೊತ್ತಿತ್ತು, ಗೊತ್ತಿದೆ ಎಂಬುದನ್ನು ಆಕೆ ಮುಚ್ಚಿಡುತ್ತಲೂ ಇರಲಿಲ್ಲ.

ಕೆಲಸಕ್ಕೆ ಕೂತರೆ ಆಕೆಯದೊಂದು ಕಟ್ಟುನಿಟ್ಟು. ಮುಗಿಯುವತನಕ ಊಟ ಇಲ್ಲ. ಪಲ್ಲೆಯ ಎಣ್ಣೆ ಬೆರಳಿಗೆ ತಾಕಿದರೆ ಎಳೆ ಜಾರುತ್ತದೆ, ಎಷ್ಟು ತೊಳೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ ಎನ್ನುವಳು. ಚಹಾ ಒಂದಕ್ಕೆ ಮಾತ್ರ ರಿಯಾಯಿತಿ. ಹಸಿದ ಹೊಟ್ಟೆಯಲ್ಲಿ ಆಕೆಗೆ ಸಿಟ್ಟು ಜಾಸ್ತಿ, ಹೀಗಾಗಿ ಅನಸವ್ವ ಕೂತ ಶೆಡ್ಡಿನಲ್ಲಿ ಯಾರೂ ಕಾರಣವಿಲ್ಲದೆ ಓಡಾಡುತ್ತಿರಲಿಲ್ಲ.

ಇಂಥ ಅನಸವ್ವನಿಗೆ ಐವತ್ತು ದಾಟಿದ ಮೇಲೆ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಯಿತು. ಮೊದಲು ಸಂಜೆ ಅಷ್ಟೇ ಬರುತ್ತಿದ್ದದ್ದು ಆಮೇಲೆ ಬೀಗ ತಿರುಗಿಸಲು ಹೋದರೆ, ತಂಬಿಗೆ ಎತ್ತಲು ಹೋದರೆ ಚುಳ್ಳೆನ್ನತೊಡಗಿತು. ಆಕೆ ಯಾರಿಗೂ ಹೇಳಲಿಲ್ಲ. ಕೆಲಸ ಹೋಗುತ್ತದೆಂಬ ಚಿಂತೆ ಇದ್ದೇ ಇತ್ತು, ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಅದು ಆಕೆಯ ತಾಯಿ ಶಿವವ್ವನ ಕೈ.

ಶಿವವ್ವನೂ ಕೆಚ್ಚುವವಳೇ. ಅನಸವ್ವ ಮದುವೆಯಾಗುವ ಹೊತ್ತಿಗೆ ಆಕೆಯ ಎರಡೂ ಕೈಯ ಬೆರಳು ಬಾತು, ಒಂದೇ ಕಡೆ ವಾಲಿ ಸೊಟ್ಟಗಾಗಿದ್ದವು. ಕೊನೆಗೆ ತುತ್ತು ಎತ್ತುವ ಶಕ್ತಿಯೂ ಉಳಿಯಲಿಲ್ಲ. ಒಂದೇ ಊರಿನ ತವರು, ಅನಸವ್ವ ದಿನಾ ಹೋಗಿ ಉಣಿಸಿ ಬರುತ್ತಿದ್ದಳು. ಹಾಲಿನಲ್ಲಿ ರೊಟ್ಟಿ ನೆನೆಸಿ ತುತ್ತು ಬಾಯಿಯ ಹತ್ತಿರ ಒಯ್ದಾಗೆಲ್ಲ ಶಿವವ್ವ ಬಾಯಿ ತೆರೆದು ಕಣ್ಣು ಮುಚ್ಚುತ್ತಿದ್ದಳು. ಮಗಳ ಮುಖ ನೋಡಲು ಆಕೆಗೆ ನಾಚಿಕೆ. ಆ ಮುಚ್ಚಿದ ಕಣ್ಣನ್ನು ಅನಸವ್ವ ಮರೆಯಲಿಲ್ಲ. ತಾಯಿ ತೀರಿಕೊಂಡ ವಾರವೇ ಗಂಡ ಚನಮಲ್ಲಪ್ಪನಿಗೆ ಹೇಳಿದ್ದಳು, "ನನಗ ಯಾರೂ ಉಣಸೂ ಹೊತ್ತು ಬರಬಾರದು. ಬಂದ್ರ ಉಪಾಸ ಇರತೇನಿ."

ಈಗ ಆ ಹೊತ್ತು ಬಂತು ಎಂದೇ ಆಕೆ ತಿಳಿದಳು. ಡಾಕ್ಟರ ಹತ್ತಿರ ಹೋದರೆ ಬಾಯಿಬಿಟ್ಟು ಹೇಳಿಬಿಡುತ್ತಾರೆ. ಹೇಳದಿದ್ದರೆ ಆಗಿಲ್ಲ ಎಂದಾದರೂ ಅಂದುಕೊಳ್ಳಬಹುದಲ್ಲ! ಲೆಕ್ಕ ತಪ್ಪಿತ್ತು, ಆದರೆ ಹೆದರಿದವರ ಲೆಕ್ಕ ಯಾವಾಗಲೂ ಹಾಗೇ.

ಹೀಗಾಗಿ ಕದ್ದುಮುಚ್ಚಿ ಔಷಧಿ ನಡೆಯಿತು. ಎಣ್ಣೆ ತಿಕ್ಕಿದರೆ ಹಾಯೆನಿಸುತ್ತಿತ್ತು, ಆದರೆ ಎಣ್ಣೆಗೂ ಎಳೆಗೂ ವೈರ. ಕೆಲಸವಿಲ್ಲದ ದಿನವಷ್ಟೇ ಎಣ್ಣೆ, ಅನಸವ್ವನಿಗೆ ಕೆಲಸವಿಲ್ಲದ ದಿನವೇ ಅಪರೂಪ. ಅಂಗಡಿಯ ನೋವಿನ ಗುಳಿಗೆ ನುಂಗಿದಳು. ಖಾಲಿ ಹೊಟ್ಟೆಗೆ ನುಂಗಿ ಎದೆ ಉರಿಸಿಕೊಂಡಳು. ತಂಗಿಯ ಮನೆಗೆ ಹೋಗುವ ನೆಪ ಮಾಡಿ ಚಿಮ್ಮಡದಲ್ಲಿ ಎಲುಬು ಕಟ್ಟುವ ಹುಲೆಪ್ಪನ ಹತ್ತಿರ ಹೋದಳು. ಹುಲೆಪ್ಪ ಹೆಬ್ಬೆರಳು ಹಿಡಿದು ನೋಡಿ, "ಇದು ಮುರದದ್ದಲ್ಲವ್ವ, ಉಳುಕಿದ್ದೂ ಅಲ್ಲ. ನನ್ನ ಕೆಲಸ ಅಲ್ಲ ಇದು. ಡಾಕ್ಟರಿಗೆ ತೋರಸು," ಎಂದ. ಪ್ರಾಮಾಣಿಕ ಮನುಷ್ಯ. ಅನಸವ್ವನಿಗೆ ಅವನ ಮೇಲೆ ಸಿಟ್ಟು ಬಂತು.

ಮುಂದೊಂದು ದಿನ ಜಮಖಂಡಿಯ ಮಂಗಲ ಕಾರ್ಯಾಲಯದಲ್ಲಿ ಶಿಬಿರ ಎಂದು ಆಟೋದಲ್ಲಿ ಕೂಗಿಕೊಂಡು ಹೋದರು. ದೂರದ ಯಾವುದೋ ಕಂಪನಿಯವರು. ಸವೆದ ಕೀಲು ಮತ್ತೆ ಬೆಳೆಯುತ್ತದೆ, ನಿಮ್ಮ ಮೈಯೇ ನಿಮ್ಮ ಔಷಧಿ, ಆಪರೇಷನ್ ಬೇಡ. ಅನಸವ್ವ ಹೋಗಿಯೇಬಿಟ್ಟಳು. ಪರದೆಯ ಮೇಲೆ ಕೆಂಪು ಕೀಲು ನೋಡನೋಡುತ್ತ ಬೆಳ್ಳಗಾಗುವ ಚಿತ್ರ ತೋರಿಸಿದರು. ಹೊಟ್ಟೆಯ ಕೊಬ್ಬು ತೆಗೆದು ಅದರ ಜೀವಕೋಶವನ್ನು ಕೀಲಿಗೆ ಹಾಕಿದರೆ ಹದಿನೆಂಟರ ಕೈ ಬರುತ್ತದೆ ಎಂದ ಟೈ ಕಟ್ಟಿದ ಹುಡುಗ, ಆಕೆಯ ಕೈ ಮುಟ್ಟಿಯೂ ನೋಡದೆ. ಅನಸವ್ವನಿಗೆ ಆಸೆ ಹುಟ್ಟಿತು. ಹೆಸರು ಬರೆಸಲು ಸಾಲಿನಲ್ಲಿ ನಿಂತಳು. ತನ್ನ ಪಾಳಿ ಬಂದಾಗ ಆ ಹುಡುಗ, "ಮೊದಲ ರಕ್ತ ತಪಾಸಣೆ ಆಗಬೇಕ್ರಿ," ಎಂದ.

ರಕ್ತ ಎಂದೊಡನೆ ಆಕೆ ಸಾಲು ಬಿಟ್ಟು ಹಿಂದೆ ಸರಿದಳು. ರಕ್ತದಲ್ಲೇ ಅಲ್ಲವೆ ತಾಯಿಯದು ಮಗಳಿಗೆ ಬರುವುದು! ಚಪ್ಪಲಿ ಬಿಟ್ಟ ಜಾಗ ಹುಡುಕಿಕೊಂಡು ಹೊರಬಿದ್ದವಳು ನೇರ ಬನಹಟ್ಟಿ ಬಸ್ಸು ಹತ್ತಿದಳು. ಹೆದರಿಕೆ ಅವತ್ತು ಆಕೆಗೆ ಒಂದು ಉಪಕಾರ ಮಾಡಿತು ಅಂತಲೇ ಹೇಳಬೇಕು. ಆದರೆ ಹೆದರಿಕೆಯ ಉಪಕಾರ ನೆಚ್ಚಿಕೊಂಡು ಬಾಳಲಾಗುವುದಿಲ್ಲ.

ಮುಚ್ಚಿಟ್ಟದ್ದು ಮುರಗೆಪ್ಪನ ಮಗ್ಗದಲ್ಲಿ ಹೊರಬಿತ್ತು. ಮುರಗೆಪ್ಪ ಹಳೆಯ ಗಿರಾಕಿ, ಅನಸವ್ವ ಬಿಟ್ಟು ಬೇರೆಯವರಿಗೆ ಹಾಸು ಮುಟ್ಟಗೊಡದವನು. ಅವತ್ತು ಅರ್ಧ ಕೆಚ್ಚುವಷ್ಟರಲ್ಲಿ ಹೆಬ್ಬೆರಳು ಮುಷ್ಕರ ಹೂಡಿತು. ಹೊಸೆದರೆ ಎಳೆ ಬಿಚ್ಚಿಕೊಳ್ಳುತ್ತಿತ್ತು. ಸುತ್ತ ನೋಡಿದಳು, ಯಾರೂ ಇರಲಿಲ್ಲ. ಮಿಕ್ಕ ಎಳೆಗಳಿಗೆ ತೋರುಬೆರಳು ನಡುಬೆರಳಿನಲ್ಲಿ ಸಣ್ಣ ಸಣ್ಣ ಗಂಟು ಹಾಕಿ ಎದ್ದು ಬಂದಳು. ಮರುದಿನ ಮಗ್ಗ ಚಾಲೂ ಆದದ್ದೇ ತಡ, ಫಣಿಯ ಒಂದು ಬದಿಯಲ್ಲಿ ಎಳೆಗಳು ಪಟಪಟ ಹರಿದವು.

ಮುರಗೆಪ್ಪ ಮನೆಗೆ ಬಂದ. ಬೈದಿದ್ದರೆ ಅನಸವ್ವನೂ ಬೈಯುತ್ತಿದ್ದಳು, ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಕಟ್ಟೆಯ ಮೇಲೆ ಕೂತು, "ಅನಸವ್ವ, ಗಂಟು ಹಾಕೀಯಲ್ಲ," ಎಂದ, ಅಷ್ಟೇ. ಸೊಸೆ ಮಂಗಲಾ ಕೊಟ್ಟ ಚಹಾ ಕುಡಿದು ಎದ್ದು ಹೋದ.

ಮಂಗಲಾ ಮದುವೆಯಾಗಿ ಬಂದು ಇನ್ನೂ ಹೊಸದು, ಮಾತು ಕಡಿಮೆ, ಕಣ್ಣು ಚುರುಕು. ಅತ್ತೆ ಚಹಾದ ಲೋಟವನ್ನು ಎರಡೂ ಅಂಗೈಯ ನಡುವೆ ಒತ್ತಿ ಹಿಡಿಯುವುದನ್ನು ಆಕೆ ಎಷ್ಟೋ ದಿನದಿಂದ ನೋಡಿದ್ದಳು. ಈಗ ಹತ್ತಿರ ಬಂದು ಕೂತಳು.

"ಅತ್ತಿ, ಕೈ ಎಷ್ಟ ದಿನದಿಂದ ನೋಯಾಕತ್ತೇತಿ?"

ಅನಸವ್ವ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕೊನೆಗೆ, "ನಮ್ಮವ್ವನ ಕೈ ಬರಾಕತ್ತೇತಿ, ಮಂಗಲಾ," ಎಂದು ಹೇಳಿ ಅತ್ತುಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಚನಮಲ್ಲಪ್ಪ ಎಲ್ಲ ಕೇಳಿಸಿಕೊಂಡ. ಆಯುಷ್ಯದಲ್ಲಿ ಹೆಂಡತಿಗೆ ಎದುರು ಮಾತಾಡದ ಮನುಷ್ಯ ಅವತ್ತು ಮಾತಾಡಿದ. "ನಾಳಿ ಮುಂಜಾನೆ ದವಾಖಾನಿಗೆ ಹೋಗೂದು. ನೀ ಬರದಿದ್ರ ಹೊತ್ಕೊಂಡ ಹೋಗತೇನಿ."

"ನಿಮ್ಮ ಸೊಂಟ ಗಟ್ಟಿ ಐತೇನ ಮೊದಲ ನೋಡ್ಕೋರಿ," ಎಂದಳು ಅನಸವ್ವ, ಅಳುತ್ತಲೇ.

ಜಮಖಂಡಿಯ ಎಲುಬಿನ ಡಾಕ್ಟರು ಧರ್ಮರಾಜ ಆತುರದ ಮನುಷ್ಯನಲ್ಲ. ಎರಡೂ ಕೈ ಮೇಜಿನ ಮೇಲೆ ಇಡಿಸಿ ಒಂದೊಂದೇ ಕೀಲು ಒತ್ತಿದರು. ಮುಂಜಾನೆ ಎದ್ದಾಗ ಕೈ ಎಷ್ಟು ಹೊತ್ತು ಬಿಗಿ ಇರುತ್ತದೆ ಎಂದು ಕೇಳಿದರು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಬಿಡುತ್ತದೆ ಎಂದಳು. ಹೆಬ್ಬೆರಳಿನ ಬುಡಕ್ಕೆ ಬಂದು ಒತ್ತಿ ತಿರುಗಿಸಿದಾಗ ಮಾತ್ರ ಅನಸವ್ವ ಕುರ್ಚಿಯಿಂದ ಎದ್ದೇಬಿಟ್ಟಳು. ತಾಯಿಯ ಕಥೆಯನ್ನು ಮಂಗಲಾ ಹೇಳಿದಳು. ಡಾಕ್ಟರು ಕೈಯ ಎಕ್ಸ್-ರೇ ಫೋಟೋ ತೆಗೆಸಲು ಹೇಳಿ, ರಕ್ತಕ್ಕೂ ಬರೆದರು. ಸೂಜಿ ಚುಚ್ಚುವಾಗ ಅನಸವ್ವ ಮುಖ ತಿರುಗಿಸಿದಳು. ನೋವಿಗಲ್ಲ, ಆ ಸಣ್ಣ ಸೀಸೆಯಲ್ಲಿ ತನ್ನ ತಾಯಿ ಕಾಣುತ್ತಾಳೇನೋ ಎಂಬ ಭಯಕ್ಕೆ.

ರಕ್ತದ ಫಲಿತಾಂಶ ಬರುವತನಕ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಹೇಳಿದ ದಿನ ಮೂವರೂ ಮತ್ತೆ ಹೋಗಿ ಕೂತರು. ಡಾಕ್ಟರು ಕಾಗದ ನೋಡಿದರು, ಫೋಟೋ ಬೆಳಕಿಗೆ ಹಿಡಿದರು.

"ಅವ್ವಾರ, ನಿಮ್ಮ ತಾಯಿಗಿದ್ದದ್ದು ನಿಮಗಿಲ್ಲ."

ಅನಸವ್ವ ಇನ್ನೊಮ್ಮೆ ಹೇಳಿರೆಂದಳು. ಅವರು ಇನ್ನೊಮ್ಮೆ ಹೇಳಿದರು.

"ನೀವು ಹೇಳೂದು ಕೇಳಿದ್ರ ಅವರಿಗಿದ್ದದ್ದು ಮೈಯೇ ತನ್ನ ಕೀಲಿನ ಮ್ಯಾಲೆ ತಿರುಗಿ ಬೀಳೂ ವಾತ. ಎರಡೂ ಕೈ ಹಿಡಿತೈತಿ, ಬೆರಳಿನ ಕೀಲಿಗೆ ಬಾವ ಬರತೈತಿ, ಹೊತ್ತೇರಿದ್ರೂ ಕೈಯ ಬಿಗಿ ಬಿಡಂಗಿಲ್ಲ. ನಿಮ್ಮದು ಹೆಬ್ಬಟ್ಟಿನ ಬುಡದಾಗ ಒಂದ ಕೀಲು ಸವದೈತಿ. ದುಡದ ಕೈ, ಸವದೈತಿ. ಅಷ್ಟ."

ಚನಮಲ್ಲಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಮಂಗಲಾ ಅತ್ತೆಯ ಬೆನ್ನ ಮೇಲೆ ಕೈ ಇಟ್ಟಳು. ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ.

"ಇನ್ನೊಂದ ಮಾತು. ಅದ ಇದ್ದಿದ್ರೂ ಈಗ ಅದಕ್ಕ ಗುಳಗಿ ಅದಾವ. ಲಗೂ ಬಂದ್ರ ಕೈ ಸೊಟ್ಟಾಗೂದನ್ನ ಬಹಳ ಮಂದಿಗೆ ತಡೀಬಹುದು. ಅಂಜಿ ಮನ್ಯಾಗ ಕೂತಷ್ಟೂ ಕೈ ಕೆಡತಾವ. ನೀವು ಎರಡ ವರ್ಷ ಕೂತೀರಿ."

ಅನಸವ್ವ ತಲೆ ತಗ್ಗಿಸಿದಳು. ಇಲ್ಲದ ರೋಗಕ್ಕೆ ಹೆದರಿ ಅಡಗಿ ಕೂತಿದ್ದಳು. ರೋಗ ಇದ್ದಿದ್ದರೆ ಆ ಅಡಗಿ ಕೂತದ್ದೇ ಕೈಯನ್ನು ತಿಂದು ಹಾಕುತ್ತಿತ್ತು.

ಅತ್ತೆ ಹಿಂದಿನ ದಿನ ಬಾಯಿಬಿಟ್ಟಿದ್ದ ಶಿಬಿರದ ವಿಷಯವನ್ನು ಮಂಗಲಾ ಎತ್ತಿದಳು. ಡಾಕ್ಟರು ನಗಲಿಲ್ಲ. "ನಮ್ಮದ ರಕ್ತ ತಗದು, ಅದರಾಗಿನ ಒಂದ ಭಾಗ ಬ್ಯಾರೆ ಮಾಡಿ ಕೀಲಿಗೆ ಚುಚ್ಚೂದು ಐತಿ. ಮೊಣಕಾಲಿಗೆ ಕೆಲವರಿಗೆ ಆರಾಮ ಆಗೇತಿ, ಕೆಲವರಿಗೆ ಏನೂ ಆಗಿಲ್ಲ. ಹೆಬ್ಬಟ್ಟಿಗೆ ಹೆಂಗ ಅಂತ ಇನ್ನೂ ನೋಡಾಕತ್ತಾರ. ಜೀವಕೋಶ ಹಾಕಿ ಹೊಸಾ ಕೀಲು ಬೆಳಸೂದು ಇನ್ನೂ ಕಲಿಯಾಕತ್ತ ವಿದ್ಯೆ. ಮುಂದ ಬರಬಹುದು. ಇವತ್ತ ಖಾತ್ರಿ ಅಂದವರನ್ನ ನಂಬಬ್ಯಾಡ್ರಿ."

ಆಮೇಲೆ ಮಾಡಬೇಕಾದದ್ದನ್ನು ಹೇಳಿದರು. ಹೆಬ್ಬೆರಳಿಗೆ ಆಸರೆಯಾಗಿ ಒಂದು ಪಟ್ಟಿ, ಕೆಲವು ವಾರ ಹೊಸೆಯುವ ಕೆಲಸ ಬಂದ್, ಬಿಸಿ ಮೇಣದಲ್ಲಿ ಕೈ ಅದ್ದುವುದು, ಬೆರಳಿನ ವ್ಯಾಯಾಮ, ಮುಲಾಮು. ಗುಳಿಗೆ ತೀರಾ ಬೇಕೆನಿಸಿದಾಗ ಮಾತ್ರ, ಅದೂ ಉಂಡ ಮೇಲೆ, ಉಪವಾಸ ಇರಬಾರದು. ಅಷ್ಟಕ್ಕೂ ಬಗ್ಗದಿದ್ದರೆ ಕೀಲಿಗೆ ಒಂದು ಇಂಜೆಕ್ಷನ್, ಎಲ್ಲಕ್ಕೂ ಕೊನೆಗೆ ಆಪರೇಷನ್. ಸವೆದದ್ದು ತಿರುಗಿ ತುಂಬುವುದಿಲ್ಲ, ಆದರೆ ನೋವು ತಗ್ಗಿಸಿ ಕೈಯನ್ನು ದುಡಿಮೆಗೆ ಉಳಿಸಬಹುದು ಎಂದರು.

"ಮೇಣ ಅಂದ್ರ ಜಿಡ್ಡ ಅಲ್ಲೇನ್ರೀ?" ಎಂದು ಕೇಳಿದಳು ಅನಸವ್ವ. ಆಗ ಡಾಕ್ಟರೂ ನಕ್ಕರು.

ಆ ವಾರಗಳಲ್ಲಿ ಅನಸವ್ವ ಮಂಗಲಾಗೆ ಕೆಲಸ ಕಲಿಸಿದಳು. ಇಷ್ಟು ದಿನ ಕಲಿಸದಿದ್ದದ್ದು ಯಾಕೆಂದರೆ, ಕಲಿಸಿದರೆ ತನ್ನ ಕೈ ಹೋಯಿತೆಂದು ತಾನೇ ಒಪ್ಪಿಕೊಂಡಂತೆ ಎಂಬ ಹುಚ್ಚು ಹಟ. ಈಗ ಆ ಹಟ ಎಲ್ಲಿ ಹೋಯಿತೋ! ಪಟ್ಟಿ ಕಟ್ಟಿದ ಕೈ ತೊಡೆಯ ಮೇಲಿಟ್ಟುಕೊಂಡು, "ಹಂಗಲ್ಲ ಬೇ, ಎಳೀಗೆ ಸಿಟ್ಟ ತೋರಸಬ್ಯಾಡ," ಎನ್ನುವಳು. ಜೀವನವಿಡೀ ಎಲ್ಲರಿಗೂ ಸಿಟ್ಟು ತೋರಿಸಿದವಳ ಬಾಯಲ್ಲಿ ಈ ಮಾತು ಕೇಳಿ ಚನಮಲ್ಲಪ್ಪ ಎದ್ದು ಹೊರಗೆ ಹೋಗಿ ನಕ್ಕು ಬರುತ್ತಿದ್ದ.

ನೋವು ಪೂರ್ತಿ ಹೋಗಲಿಲ್ಲ. ಆದರೆ ತಗ್ಗಿತು, ಬೆರಳು ಹೇಳಿದ ಮಾತು ಕೇಳುವಷ್ಟು ತಗ್ಗಿತು. ಡಾಕ್ಟರು ಹೂಂ ಎಂದ ಮೇಲೆ ಅನಸವ್ವ ಸೊಸೆಯನ್ನು ಕರೆದುಕೊಂಡು ಮುರಗೆಪ್ಪನ ಬಾಗಿಲಿಗೇ ಮೊದಲು ಹೋದಳು. "ಈ ಸಲ ಗಂಟು ಇರಂಗಿಲ್ಲ," ಎಂದಳು. ಮುರಗೆಪ್ಪ ಶೆಡ್ಡಿನ ಬಾಗಿಲು ತೆಗೆದ.

ಅತ್ತೆ ಒಂದು ಅಂಚಿನಿಂದ, ಸೊಸೆ ಇನ್ನೊಂದು ಅಂಚಿನಿಂದ ಕೂತರು. ನಡುನಡುವೆ ಅನಸವ್ವ ಕೈ ಬಿಟ್ಟು, ಡಾಕ್ಟರು ಹೇಳಿಕೊಟ್ಟಂತೆ ಬೆರಳು ಚಾಚಿ ಮಡಚಿ, ಮತ್ತೆ ಹಿಡಿಯುವಳು. ಮಧ್ಯಾಹ್ನ ತಿರುಗಿತು. ಮಂಗಲಾಳ ಪಾಲು ಮೊದಲು ಮುಗಿಯಿತು. ಹರೆಯದ ಬೆರಳು, ಮುಗಿಯದೆ ಏನು! ಅನಸವ್ವನದು ಇನ್ನೂ ಉಳಿದಿತ್ತು. ಸೊಸೆ ಕೈ ತೊಳೆದು ಬಂದು ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಎಣ್ಣೆ ತೇಲುವ ಪುಂಡಿ ಪಲ್ಲೆ.

"ನೀ ಉಣ್ಣು. ನಾ ಮುಗಿಸಿ ಉಣತೇನಿ, ಕೈಗೆ ಎಣ್ಣಿ ಹತ್ತತೈತಿ," ಎಂದಳು ಅನಸವ್ವ.

"ಡಾಕ್ಟರು ಉಪಾಸ ಇರಬ್ಯಾಡ ಅಂದಾರ. ಕೈ ಯಾಕ ಹಚ್ಚತೀರಿ ಅತ್ತಿ, ನಾ ಉಣಸತೇನಿ," ಎಂದು ಮಂಗಲಾ ರೊಟ್ಟಿ ಮುರಿದು, ಪಲ್ಲೆ ಹಚ್ಚಿ, ತುತ್ತನ್ನು ಮುಂದೆ ಹಿಡಿದಳು.

ಅನಸವ್ವನ ಬೆರಳು ಎಳೆಯ ಮೇಲೆ ನಿಂತಿತು. ತಾಯಿಯ ನೆನಪಾಯಿತು. ಆಕೆಗೆ ಹೀಗೆ ರಕ್ತ ನೋಡಿ ಹೇಳುವವರು ಯಾರೂ ಸಿಗಲಿಲ್ಲವಲ್ಲ ಎಂದುಕೊಂಡಳು. ಆ ಮುಚ್ಚಿದ ಕಣ್ಣಿನ, ಉಪಾಸದ ಮಾತಿನ ಸುದ್ದಿ ಮಾತ್ರ ಎದುರಿಗಿದ್ದ ಹುಡುಗಿಗೆ ಗೊತ್ತಿರಲಿಲ್ಲ. ತುತ್ತು ಹಿಡಿದ ಕೈಯಲ್ಲಿ ಇನ್ನೂ ಸ್ವಲ್ಪ ಬೂದಿ ಉಳಿದಿತ್ತು.

"ಲಗೂ ತಗೋರಿ, ಎಣ್ಣಿ ಸೋರಾಕತ್ತೇತಿ," ಎಂದಳು ಮಂಗಲಾ.

ಅನಸವ್ವ ಬಾಯಿ ತೆರೆದಳು. ಕಣ್ಣು ಮುಚ್ಚಲಿಲ್ಲ. ಸೊಸೆಯ ಮುಖ ನೋಡುತ್ತಲೇ ತಿಂದು, "ಉಪ್ಪ ಕಡಿಮಿ ಆಗೇತಿ," ಎಂದು ಹೇಳಿ ಮುಂದಿನ ಎಳೆ ಎತ್ತಿಕೊಂಡಳು.